ನದೀದಂಡೆಗೆ ನಡೆದು ಹೋಗುವ ದಾರಿ ಎಲ್ಲಿದೆ?

ನಮ್ಮ ನಗರಗಳು ಈಗ ನೀರಿನತ್ತ ಮುಖ ತಿರುಗಿಸಿವೆ. ನಿನ್ನೆಯವರೆಗೆ ಕಸ ಸುರಿಯುವ ಹಿತ್ತಲಾಗಿದ್ದ ದಂಡೆಗಳಲ್ಲಿ ಇಂದು ಕಲ್ಲುಹಾಸಿನ ವಿಹಾರಪಥಗಳು, ದೀಪಕಂಬಗಳು, ಉದ್ಯಾನಗಳು ಏಳುತ್ತಿವೆ. 2016ರ ಸೆಪ್ಟೆಂಬರ್‌ನಲ್ಲಿ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮಂಗಳೂರಿನಲ್ಲಿ ನೇತ್ರಾವತಿ ಸೇತುವೆಯಿಂದ ಬೋಳಾರದವರೆಗೆ ಸುಮಾರು ಎರಡು ಕಿಲೋಮೀಟರ್ ಉದ್ದದ ನದೀತೀರ ಯೋಜನೆ ರೂಪುಗೊಂಡಿತು. ಅದೇ ಪಟ್ಟಿಯಲ್ಲಿದ್ದ ಶಿವಮೊಗ್ಗದಲ್ಲಿ ತುಂಗೆಯ ದಂಡೆಯೂ ಹೊಸ ರೂಪ ಪಡೆಯಿತು. ಇದನ್ನು ನಾವು ಆಕ್ಷೇಪಿಸುವುದಿಲ್ಲ. ದಿನವಿಡೀ ದುಡಿದು ಇಕ್ಕಟ್ಟಿನ ಮನೆಗೆ ಮರಳುವ ಕುಟುಂಬಕ್ಕೆ ಸಂಜೆಯ ತಂಗಾಳಿಯಲ್ಲಿ ಕೂರಲು ಒಂದು ತಾಣ ಸಿಗುವುದು ಸಣ್ಣ ಸಂಗತಿಯೇನಲ್ಲ. ಆದರೆ ಒಂದು ಸರಳ ಪ್ರಶ್ನೆ ಉಳಿಯುತ್ತದೆ. ಆ ಕುಟುಂಬ ಅಲ್ಲಿಗೆ ತಲುಪುವುದು ಹೇಗೆ?

ಕಾರು ಉಳ್ಳವರಿಗೆ ಈ ಪ್ರಶ್ನೆ ಏಳುವುದೇ ಇಲ್ಲ. ಮಗುವನ್ನು ಎತ್ತಿಕೊಂಡ ತಾಯಿಗೆ, ಊರುಗೋಲು ಹಿಡಿದ ವೃದ್ಧರಿಗೆ, ಗಾಲಿಕುರ್ಚಿಯಲ್ಲಿ ಸಾಗುವ ಅಂಗವಿಕಲರಿಗೆ ಮೊದಲು ಏಳುವ ಪ್ರಶ್ನೆ ಇದೇ. ಮಂಗಳೂರನ್ನೇ ನೋಡೋಣ. 1865ರಲ್ಲಿ ಬಾಸೆಲ್ ಮಿಷನ್ ಸ್ಥಾಪಿಸಿದ ಹೆಂಚಿನ ಕಾರ್ಖಾನೆ ಎದ್ದದ್ದು ಇದೇ ನೇತ್ರಾವತಿಯ ದಂಡೆಯಲ್ಲಿ. ಅಂದಿನ ಕಾರ್ಮಿಕರು ನದಿಗೆ ಕಾಲ್ನಡಿಗೆಯಲ್ಲೇ ಇಳಿಯುತ್ತಿದ್ದರು. ಇಂದು ಹೆದ್ದಾರಿಯ ಕಡೆಯಿಂದ ಜೆಪ್ಪುವಿನತ್ತ ಬರುವವರಿಗೆ ಮಹಾಕಾಳಿಪಡ್ಪುವಿನಲ್ಲಿ ರೈಲು ಹಳಿಗಳು ಅಡ್ಡ ನಿಲ್ಲುತ್ತವೆ. ಅಲ್ಲಿನ ಗೇಟಿನ ಮುಂದೆ ಕಾದು ನಿಲ್ಲುವ ಬವಣೆಯನ್ನು ನೀಗಿಸಲೆಂದು ಕೈಗೊಂಡ ಕೆಳಸೇತುವೆಯ ಕಾಮಗಾರಿಯೇ ವರ್ಷಗಟ್ಟಲೆ ಎಳೆಯಿತು. ವಿಹಾರಪಥ ಎಷ್ಟೇ ಸುಂದರವಾಗಿರಲಿ, ಅದನ್ನು ಸೇರುವ ಓಣಿಗಳಲ್ಲಿ ಕಾಲುದಾರಿ ಇಲ್ಲದಿದ್ದರೆ ಅದು ನಗರದ ನಡುವಿನ ದ್ವೀಪವಾಗುತ್ತದೆ.

ಅಹಮದಾಬಾದ್ ನಮಗೆ ಎರಡು ಪಾಠಗಳನ್ನು ಕಲಿಸಿದೆ. 2005ರಲ್ಲಿ ಆರಂಭವಾದ ಸಾಬರಮತಿ ನದೀತೀರ ಯೋಜನೆಯ ವಿಹಾರಪಥ 2012ರಲ್ಲಿ ಜನರಿಗೆ ತೆರೆಯಿತು. ದಂಡೆಗುಂಟ ವಾಹನಗಳ ವೇಗದ ರಸ್ತೆಗಳೂ ಬಂದವು. ನದಿಯನ್ನು ನೋಡಬೇಕೆಂದರೆ ಮೊದಲು ರಸ್ತೆಯನ್ನು ದಾಟಬೇಕು. ಪಾದಚಾರಿಗಳಿಗೆಂದೇ ಕಟ್ಟಿದ ಅಟಲ್ ಸೇತುವೆ ಉದ್ಘಾಟನೆಗೊಂಡದ್ದು 2022ರ ಆಗಸ್ಟ್‌ನಲ್ಲಿ, ಅಂದರೆ ಹತ್ತು ವರ್ಷಗಳ ನಂತರ. ಎರಡನೆಯ ಪಾಠ ಇನ್ನೂ ಕಹಿಯಾದುದು. ದಂಡೆಯ ಗುಡಿಸಲುಗಳಲ್ಲಿದ್ದ ಹತ್ತು ಸಾವಿರಕ್ಕೂ ಹೆಚ್ಚು ಕುಟುಂಬಗಳು ಅಲ್ಲಿಂದ ತೆರವುಗೊಂಡವು. ಅವರಲ್ಲಿ ಮುಸ್ಲಿಮರೂ ದಲಿತರೂ ಬಹಳಷ್ಟಿದ್ದರು. ಅನೇಕರಿಗೆ ಮನೆ ಸಿಕ್ಕಿತಾದರೂ ಅದು ದುಡಿಮೆಯ ತಾಣದಿಂದ ದೂರದಲ್ಲಿತ್ತು. ನಿನ್ನೆಯವರೆಗೆ ಕೆಲಸಕ್ಕೆ ನಡೆದು ಹೋಗುತ್ತಿದ್ದವನು ಇಂದು ಕೂಲಿಯ ಒಂದು ಪಾಲನ್ನು ಬಸ್ಸಿಗೆ ತೆರುವಂತಾದರೆ ಅದನ್ನು ಅಭಿವೃದ್ಧಿಯೆಂದು ಹೇಗೆ ಕರೆಯುವುದು?

ಇದೆಲ್ಲ ಮಹಾನಗರಗಳ ಮಾತು, ಆಳಂದದವರಾದ ನಮಗೇನು ಎಂದು ಕೇಳುವವರಿದ್ದಾರೆ. ನಾವೂ ನೀರಿನ ನಂಟಿನವರೇ. ಕೋರಳ್ಳಿಯಲ್ಲಿ ಅಮರ್ಜಾ ಜಲಾಶಯವಿದೆ. ಆ ಅಮರ್ಜೆ ಅಫಜಲಪುರ ತಾಲೂಕಿನ ಗಾಣಗಾಪುರದಲ್ಲಿ ಭೀಮೆಯನ್ನು ಕೂಡುತ್ತದೆ, ಅಲ್ಲಿನ ಸಂಗಮಕ್ಕೆ ದೂರದೂರದ ಯಾತ್ರಿಕರು ಬರುತ್ತಾರೆ. ಕಲಬುರಗಿಯ ನಡುವೆ ಅಪ್ಪನ ಕೆರೆಯಿದೆ. ಇಲ್ಲಿಗೂ ನಾಳೆ ಸೌಂದರ್ಯೀಕರಣದ ನಕಾಶೆಗಳು ಬರುತ್ತವೆ. 371 ಜೆ ವಿಧಿಯ ಬಲದಿಂದ ನಮ್ಮ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನವೂ ಇದೆ. ನಕಾಶೆ ಅಂತಿಮವಾದ ಮೇಲೆ ಮನವಿ ಪತ್ರ ಹಿಡಿದು ಓಡುವುದಕ್ಕಿಂತ ಮೊದಲೇ ಮಾತನಾಡುವುದು ವಿವೇಕವಲ್ಲವೇ?

ನಾವು ಕೇಳುವುದು ಭಿಕ್ಷೆಯನ್ನಲ್ಲ. 2025ರ ಮೇ 14ರಂದು ಸುಪ್ರೀಂ ಕೋರ್ಟ್, ಕಾಲುದಾರಿಯನ್ನು ಬಳಸುವ ಪಾದಚಾರಿಯ ಹಕ್ಕು ಸಂವಿಧಾನದ 21ನೇ ವಿಧಿ ನೀಡಿರುವ ಜೀವಿಸುವ ಹಕ್ಕಿನ ಭಾಗವೆಂದು ಸ್ಪಷ್ಟಪಡಿಸಿತು. ಕಾಲುದಾರಿಗಳು ಅಂಗವಿಕಲರಿಗೂ ಸುಗಮವಾಗಿರಬೇಕು, ಒತ್ತುವರಿ ತೆರವಾಗಬೇಕು ಎಂದಿತು. ಈ ಹಕ್ಕು ಯಾಕೆ ಬೇಕೆಂಬುದನ್ನು ಕೇಂದ್ರ ಸರಕಾರದ ಅಂಕಿ ಅಂಶಗಳೇ ಹೇಳುತ್ತವೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಪ್ರಾಣ ಕಳೆದುಕೊಂಡ 1,68,491 ಮಂದಿಯಲ್ಲಿ 32,825 ಮಂದಿ ಪಾದಚಾರಿಗಳು. ಕಾಲುದಾರಿಯಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ಅಗಲ ತೆರವಿರಬೇಕೆಂದು ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಮಾರ್ಗಸೂಚಿ ಹೇಳುತ್ತದೆ. ನಿಯಮಕ್ಕೆ ಕೊರತೆಯಿಲ್ಲ. ಕೊರತೆಯಿರುವುದು ಅದನ್ನು ಕೇಳುವ ಬಾಯಿಗಳಿಗೆ.

ಆದ್ದರಿಂದ ಯಾವುದೇ ನದೀತೀರ ಅಥವಾ ಕೆರೆಯ ಯೋಜನೆ ಬಂದಾಗ ನಾವು ಇಷ್ಟನ್ನಾದರೂ ಒತ್ತಾಯಿಸಬೇಕು. ದಂಡೆಗೆ ಹಣ ಸುರಿಯುವ ಮುನ್ನ ಬಸ್ ನಿಲ್ದಾಣದಿಂದಲೂ ಸುತ್ತಲಿನ ಮೊಹಲ್ಲಾಗಳಿಂದಲೂ ಅಲ್ಲಿಗೆ ತಡೆಯಿಲ್ಲದ ಕಾಲುದಾರಿ ಆಗಲಿ. ರಸ್ತೆ ದಾಟುವಲ್ಲಿ ನೆಲಮಟ್ಟದಲ್ಲೇ ಸುರಕ್ಷಿತ ದಾಟುದಾರಿ ಇರಲಿ, ಮುದುಕರನ್ನು ಮೆಟ್ಟಿಲು ಹತ್ತಿಸಿ ಇಳಿಸುವ ಮೇಲ್ಸೇತುವೆಯಲ್ಲ. ಸಂಜೆಯ ನಂತರವೂ ಹೆಣ್ಣುಮಕ್ಕಳು ನಿರ್ಭಯವಾಗಿ ಬರುವಂತೆ ದಾರಿಯುದ್ದಕ್ಕೂ ಬೆಳಕು, ಅವರಿಗೆ ಶೌಚಾಲಯ ಇರಲಿ. ತಳ್ಳುಗಾಡಿಯವರನ್ನು ಓಡಿಸುವ ಬದಲು 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಂತೆ ಅವರಿಗೆ ಜಾಗ ಗುರುತಿಸಲಿ. ಭೀಮೆ 2020ರ ಅಕ್ಟೋಬರ್‌ನಲ್ಲಿ ಹೇಗೆ ಉಕ್ಕಿ ಹರಿದಳೆಂಬುದನ್ನು ಕಂಡವರು ನಾವು. ಹೊಳೆಯ ಹರಿವಿನ ಜಾಗಕ್ಕೆ ಕಾಂಕ್ರೀಟು ಬೀಳದಿರಲಿ.

ಇನ್ನು ನಮ್ಮ ಮನೆಯಂಗಳದ ಮಾತು. ಕಾಲುದಾರಿಗಳನ್ನು ಕಸಿದದ್ದು ಸರಕಾರವೊಂದೇ ಅಲ್ಲ. ಅಂಗಡಿಯ ಸಾಮಾನನ್ನು ರಸ್ತೆಗೆ ಚಾಚಿದವರಲ್ಲಿ ನಾವೂ ಇದ್ದೇವೆ. ಜುಮಾ ದಿನ ಮಸೀದಿಯ ಮುಂದೆ ಬೈಕುಗಳನ್ನು ಅಡ್ಡಾದಿಡ್ಡಿ ನಿಲ್ಲಿಸಿ, ದಾರಿಹೋಕರನ್ನು ಲಾರಿಗಳ ನಡುವೆ ತಳ್ಳಿ ಒಳಗೆ ಸಾಲಿನಲ್ಲಿ ನಿಲ್ಲುವವರೂ ನಾವೇ. ದಾರಿಯಲ್ಲಿನ ತೊಡಕನ್ನು ಸರಿಸುವುದನ್ನು ಪ್ರವಾದಿವರ್ಯರು(ಸ) ಸತ್ಯವಿಶ್ವಾಸದ ಶಾಖೆಗಳಲ್ಲೊಂದೆಂದು ಎಣಿಸಿದರು. ಮುಳ್ಳನ್ನು ಸರಿಸಬೇಕಾದವರೇ ಮುಳ್ಳಾಗಿ ನಿಂತರೆ ನಗರಸಭೆಯ ಮುಂದೆ ನಮ್ಮ ಬೇಡಿಕೆಗೆ ಯಾವ ತೂಕವಿರುತ್ತದೆ? ಮಸೀದಿ ಸಮಿತಿಗಳು ಈ ಶುಕ್ರವಾರದಿಂದಲೇ ಇಬ್ಬರು ಯುವಕರನ್ನು ದಾರಿ ತೆರವಿಡಲು ನಿಲ್ಲಿಸಲಿ. ಅದಕ್ಕೆ ಯಾವ ಅನುದಾನವೂ ಬೇಡ.

ನೀರು ಎಲ್ಲರದು. ಅದರ ದಂಡೆಯೂ ಎಲ್ಲರದಾಗಬೇಕಾದರೆ, ಬರಿಗಾಲಲ್ಲಿ ಬರುವವನಿಗೂ ಅಲ್ಲಿಗೆ ದಾರಿ ಇರಬೇಕು.