ಕಾರ್ಪೊರೇಟರ್ ಇಲ್ಲದ ನಗರ, ಪ್ರಶ್ನೆ ಕೇಳದ ಮೊಹಲ್ಲಾ

ಉದಯಗಿರಿಯ ಯಾವುದಾದರೂ ಚಹಾದಂಗಡಿಯಲ್ಲಿ ಇಶಾ ನಮಾಝಿನ ಬಳಿಕ ಅರ್ಧ ಗಂಟೆ ಕುಳಿತರೆ ಸಾಕು, ಜಗತ್ತಿನ ಸಕಲ ವಿದ್ಯಮಾನಗಳ ವಿಶ್ಲೇಷಣೆಯೂ ಪುಕ್ಕಟೆಯಾಗಿ ದೊರೆಯುತ್ತದೆ. ಗಾಝಾದಲ್ಲಿ ಏನಾಗುತ್ತಿದೆ, ದಿಲ್ಲಿಯಲ್ಲಿ ಯಾರು ಯಾರಿಗೆ ಕೈಕೊಟ್ಟರು, ಯಾವ ಟಿವಿ ಚಾನೆಲ್ ಏನು ಸುಳ್ಳು ಹೇಳಿತು ಎಂಬುದೆಲ್ಲ ನಮ್ಮ ಯುವಕರ ನಾಲಗೆಯ ತುದಿಯಲ್ಲಿದೆ. 2025ರ ಮಳೆಗಾಲದ ಒಂದು ರಾತ್ರಿ ಅಂಥದ್ದೊಂದು ಚರ್ಚೆಯ ನಡುವೆ ನಾನು ಒಂದು ಸಣ್ಣ ಪ್ರಶ್ನೆ ಕೇಳಿದೆ: "ನಮ್ಮ ವಾರ್ಡಿನ ಕಾರ್ಪೊರೇಟರ್ ಈಗ ಯಾರು?" ಮೂವರು ಏಕಕಾಲಕ್ಕೆ ಒಂದೇ ಹೆಸರು ಹೇಳಿದರು. ಅವರ ಅವಧಿ ಮುಗಿದು ಒಂದೂವರೆ ವರ್ಷಕ್ಕೂ ಹೆಚ್ಚಾಗಿದೆಯಲ್ಲ ಎಂದಾಗ ಒಬ್ಬಾತ ಕೇಳಿದ: "ಹಾಗಾದರೆ ಈಗ ಯಾರಿದ್ದಾರೆ ಭಾಯ್?" ಯಾರೂ ಇಲ್ಲ ಎಂದೆ. ಒಂದು ಕ್ಷಣ ಮೌನ. ಬಳಿಕ ಚರ್ಚೆ ಮರಳಿ ದಿಲ್ಲಿಗೆ ಹೋಯಿತು.

ಆ ಮೌನದ ಬಗ್ಗೆಯೇ ಈ ಬರಹ.

ಮೈಸೂರು ಮಹಾನಗರ ಪಾಲಿಕೆಯ 65 ವಾರ್ಡುಗಳಿಗೆ ಚುನಾವಣೆ ನಡೆದದ್ದು 2018ರ ಆಗಸ್ಟ್ 31ರಂದು. ಬಿಜೆಪಿ 22, ಕಾಂಗ್ರೆಸ್ 19, ಜೆಡಿಎಸ್ 18 ಸ್ಥಾನಗಳನ್ನು ಪಡೆದವು. ಯಾರಿಗೂ ಬಹುಮತವಿರಲಿಲ್ಲ. ಮೈತ್ರಿ, ಮುರಿದ ಮೈತ್ರಿ, ಮರುಮೈತ್ರಿಗಳ ನಡುವೆ ಐದು ವರ್ಷ ಉರುಳಿತು. 2020ರ ಜನವರಿಯಲ್ಲಿ ತಸ್ನೀಂ ಅವರು ಮೇಯರ್ ಆದಾಗ, ಆ ಸ್ಥಾನಕ್ಕೇರಿದ ಮೊದಲ ಮುಸ್ಲಿಮ್ ಮಹಿಳೆ ಎಂದು ನಾವು ಹೆಮ್ಮೆಪಟ್ಟೆವು. 2023ರ ನವೆಂಬರ್‌ನಲ್ಲಿ ಪರಿಷತ್ತಿನ ಅವಧಿ ಕೊನೆಗೊಂಡಿತು. ಚುನಾವಣೆ ನಡೆಯಲಿಲ್ಲ. ಪಾಲಿಕೆ ಆಡಳಿತಾಧಿಕಾರಿಯ ಕೈಗೆ ಹೋಯಿತು.

ಇದು ಸಣ್ಣ ತಾಂತ್ರಿಕ ವಿಳಂಬವೆಂದು ಭಾವಿಸುವವರು ಸಂವಿಧಾನವನ್ನೊಮ್ಮೆ ತೆರೆದು ನೋಡಲಿ. 74ನೇ ತಿದ್ದುಪಡಿಯ ಮೂಲಕ ಸೇರಿದ 243ಯು ವಿಧಿಯು, ನಗರಸಂಸ್ಥೆಯ ಐದು ವರ್ಷದ ಅವಧಿ ಮುಗಿಯುವ ಮೊದಲೇ ಮುಂದಿನ ಚುನಾವಣೆ ಪೂರ್ಣಗೊಂಡಿರಬೇಕೆಂದು ಆದೇಶಿಸುತ್ತದೆ. 2006ರಲ್ಲಿ ಅಹ್ಮದಾಬಾದ್ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಮಾತನ್ನು ಸಂದೇಹಕ್ಕೆಡೆಯಿಲ್ಲದಂತೆ ಎತ್ತಿಹಿಡಿದಿದೆ. ಹೀಗಿದ್ದೂ ವಾರ್ಡ್ ಪುನರ್ವಿಂಗಡಣೆ, ಮೀಸಲಾತಿ ಪಟ್ಟಿ, ಬೃಹತ್ ಮೈಸೂರಿನ ಪ್ರಸ್ತಾಪ ಎಂದು ಒಂದಾದ ಮೇಲೊಂದು ಕಾರಣ ಮುಂದೊಡ್ಡಿ ಎರಡು ವರ್ಷಗಳನ್ನು ಕಳೆಯಲಾಯಿತು.

ಇದರಲ್ಲಿ ಯಾವ ಪಕ್ಷದ ಕೈಯೂ ಶುದ್ಧವಾಗಿಲ್ಲ. ಬೆಂಗಳೂರಿನ ಬಿಬಿಎಂಪಿ ಪರಿಷತ್ತಿನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದಾಗ ರಾಜ್ಯದಲ್ಲಿದ್ದುದು ಬಿಜೆಪಿ ಸರ್ಕಾರ. 2021ರಲ್ಲಿ ಜಿಲ್ಲಾ ಮತ್ತು ತಾಲೂಕು ಪಂಚಾಯತುಗಳ ಅವಧಿ ಮುಗಿದಾಗಲೂ ಅದೇ ಸರ್ಕಾರ. ಅವರು ಚುನಾವಣೆ ನಡೆಸಲಿಲ್ಲ. ಇದನ್ನು ಪ್ರಜಾಪ್ರಭುತ್ವದ ಕೊಲೆಯೆಂದು ಕರೆದ ಕಾಂಗ್ರೆಸ್ 2023ರ ಮೇಯಲ್ಲಿ ಅಧಿಕಾರಕ್ಕೆ ಬಂತು. ಮೈಸೂರು ಜಿಲ್ಲೆಯವರೇ ಆದ ಸಿದ್ದರಾಮಯ್ಯನವರು ಮುಖ್ಯಮಂತ್ರಿಯಾದರು. ಅವರ ತವರು ನಗರದ ಪಾಲಿಕೆಗೂ ಅದೇ ಗತಿ ಬಂತು. ಬಿಜೆಪಿ ಮಾಡಿದಾಗ ಸರ್ವಾಧಿಕಾರವಾದದ್ದು ಕಾಂಗ್ರೆಸ್ ಮಾಡಿದಾಗ ಆಡಳಿತಾತ್ಮಕ ಅನಿವಾರ್ಯತೆ ಆಗುವುದು ಹೇಗೆ? ಈ ಪ್ರಶ್ನೆಯನ್ನು ಮೊದಲು ಕೇಳಬೇಕಾದವರು ಆ ಪಕ್ಷಕ್ಕೆ ಕಣ್ಣುಮುಚ್ಚಿ ಮತ ಹಾಕಿದ ನಾವಲ್ಲವೇ?

ಕಾರ್ಪೊರೇಟರ್ ಇದ್ದಾಗಲಾದರೂ ಏನಾಗಿತ್ತು ಎಂದು ಕೆಲವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. ಆದರೆ ಕೆಟ್ಟ ಕಾರ್ಪೊರೇಟರನ್ನೂ ಮನೆಯ ಬಾಗಿಲಲ್ಲಿ ನಿಲ್ಲಿಸಿ ಕೇಳಬಹುದಿತ್ತು. ಐದು ವರ್ಷಕ್ಕೊಮ್ಮೆ ಅವನು ಬಂದು ಕೈಮುಗಿಯಲೇಬೇಕಿತ್ತು. ಅಧಿಕಾರಿಗೆ ಆ ಅಗತ್ಯವಿಲ್ಲ. ಪರಿಷತ್ತಿಲ್ಲದ ಪಾಲಿಕೆಯಲ್ಲಿ ಬಜೆಟನ್ನು ಅಧಿಕಾರಿಗಳೇ ಸಿದ್ಧಪಡಿಸುತ್ತಾರೆ, ಅಧಿಕಾರಿಗಳೇ ಅಂಗೀಕರಿಸುತ್ತಾರೆ. ಯಾವ ಬಡಾವಣೆಯ ಚರಂಡಿಗೆ ಹಣ, ಯಾವ ವೃತ್ತದ ಅಲಂಕಾರಕ್ಕೆ ಹಣ ಎಂದು ಎದ್ದು ನಿಂತು ಕೇಳುವ ಒಂದು ಧ್ವನಿಯೂ ಸಭಾಂಗಣದಲ್ಲಿರುವುದಿಲ್ಲ. ದಸರಾ ಕಾಲದಲ್ಲಿ ದೀಪಗಳಿಂದ ಬೆಳಗುವ ಈ ನಗರದಲ್ಲಿ ರಾಜೀವನಗರ, ಶಾಂತಿನಗರ, ಗೌಸಿಯಾನಗರಗಳ ಅಡ್ಡರಸ್ತೆಗಳ ಹೆಸರನ್ನು ಆ ಸಭೆಯಲ್ಲಿ ಉಚ್ಚರಿಸುವವರು ಯಾರು?

ಮೈಸೂರಿಗೆ ಈ ವಿಷಯದಲ್ಲಿ ದೊಡ್ಡ ಪರಂಪರೆಯಿದೆ. ಪ್ಲೇಗಿನ ಹಾವಳಿಯಿಂದ ಪಾಠ ಕಲಿತು 1903ರಲ್ಲೇ ನಗರ ಸುಧಾರಣಾ ಮಂಡಳಿಯನ್ನು ಸ್ಥಾಪಿಸಿದ ಊರಿದು. 2015 ಮತ್ತು 2016ರಲ್ಲಿ ದೇಶದ ಅತ್ಯಂತ ಸ್ವಚ್ಛ ನಗರವೆಂಬ ಬಿರುದು ಪಡೆಯಿತು. ನಂತರ ಆ ಸ್ಥಾನ ಉಳಿಯಲಿಲ್ಲ. ವಿದ್ಯಾರಣ್ಯಪುರಂನ ಸೂಯೇಜ್ ಫಾರ್ಮಿನಲ್ಲಿ ಬೆಟ್ಟದಂತೆ ಬೆಳೆದ ಕಸದ ರಾಶಿ ಆ ಬಿರುದಿನ ಇನ್ನೊಂದು ಮುಖವಾಗಿತ್ತು. ಮೂರನೆಯ ಮುಖ ನಮ್ಮ ಮೊಹಲ್ಲಾಗಳು. ಮುಸ್ಲಿಮರು ಹೆಚ್ಚಾಗಿರುವ ಪ್ರದೇಶಗಳಲ್ಲಿ ಮೂಲಸೌಕರ್ಯಗಳ ಕೊರತೆಯಿದೆಯೆಂದು ಸಾಚಾರ್ ಸಮಿತಿ 2006ರಲ್ಲಿ ಹೇಳಿತು. ಆ ವರದಿಯನ್ನು ನಾವು ವೇದಿಕೆಗಳಲ್ಲಿ ಸಾವಿರ ಬಾರಿ ಉಲ್ಲೇಖಿಸಿದ್ದೇವೆ. ಆದರೆ ನಮ್ಮದೇ ಬೀದಿಯ ಒಳಚರಂಡಿಯ ಬಗ್ಗೆ ಎಷ್ಟು ಬಾರಿ ಲಿಖಿತ ದೂರು ಕೊಟ್ಟಿದ್ದೇವೆ?

ನನ್ನದೇ ಬೀದಿಯ ವಿಷಯ ಹೇಳುತ್ತೇನೆ. ಮ್ಯಾನ್‌ಹೋಲ್ ಉಕ್ಕಿ ಕೊಳಚೆ ನೀರು ಮಸೀದಿಗೆ ಹೋಗುವ ದಾರಿಯನ್ನೇ ಆವರಿಸಿತ್ತು. ವೃದ್ಧರು ಪಾಯಿಜಾಮ ಎತ್ತಿ ಹಿಡಿದು, ಇಟ್ಟಿಗೆಗಳ ಮೇಲೆ ಕಾಲಿಟ್ಟು ನಮಾಝಿಗೆ ಹೋಗುತ್ತಿದ್ದರು. ವಾರಗಟ್ಟಲೆ ಹೀಗೇ ನಡೆಯಿತು. ಎಲ್ಲರೂ ಬೈದುಕೊಂಡರು. ಕೆಲವರು ಚಿತ್ರ ತೆಗೆದು ವಾಟ್ಸಾಪಿನಲ್ಲಿ ಹರಡಿದರು. ಕೊನೆಗೆ ನಾವು ನಾಲ್ವರು ಸಂಬಂಧಿಸಿದ ಕಚೇರಿಗೆ ಹೋದಾಗ ಅಲ್ಲಿಯ ಸಿಬ್ಬಂದಿ ಕೇಳಿದ ಮೊದಲ ಪ್ರಶ್ನೆ, "ದೂರು ಬರೆದುಕೊಟ್ಟಿದ್ದೀರಾ?" ಎಂಬುದು. ಯಾರೂ ಕೊಟ್ಟಿರಲಿಲ್ಲ. ಅಲೆಸುವವರ ತಪ್ಪು ಇದ್ದೇ ಇದೆ. ಬರೆದ ಮೇಲೂ ಮೂರು ಬಾರಿ ಅಲೆದಾಡಿಸಿದರು. ಆದರೆ ಮೊದಲ ಒಂದು ಹಾಳೆಯನ್ನೂ ಬರೆಯದ ನಮ್ಮ ತಪ್ಪನ್ನು ಯಾರ ಲೆಕ್ಕಕ್ಕೆ ಹಾಕೋಣ?

ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಚಿತ್ರವೂ ಇದೆ. 2025ರ ಫೆಬ್ರವರಿ 10ರ ರಾತ್ರಿ. ಸಾಮಾಜಿಕ ಜಾಲತಾಣದ ಒಂದು ಅವಹೇಳನಕಾರಿ ಪೋಸ್ಟಿನ ವಿರುದ್ಧ ಉದಯಗಿರಿ ಪೊಲೀಸ್ ಠಾಣೆಯ ಮುಂದೆ ಜನ ಸೇರಿತು. ಪೋಸ್ಟ್ ಹಾಕಿದಾತನನ್ನು ಪೊಲೀಸರು ಅದಾಗಲೇ ವಶಕ್ಕೆ ಪಡೆದಿದ್ದರು. ಆದರೂ ಕಲ್ಲು ತೂರಾಟವಾಯಿತು, ಪೊಲೀಸರು ಗಾಯಗೊಂಡರು, ವಾಹನಗಳು ಜಖಂಗೊಂಡವು. ಮಾರನೆಯ ದಿನದಿಂದ ಬಂಧನಗಳು. ಕಲ್ಲು ಹಿಡಿದ ಕೈಗಳಿಂದ ಪ್ರವಾದಿಯವರ(ಸ) ಗೌರವ ಹೆಚ್ಚಿತೇ? ಹೆಚ್ಚಿದ್ದು ತಾಯಂದಿರ ಕಣ್ಣೀರು ಮತ್ತು ಉದಯಗಿರಿಯೆಂದರೆ ಹೀಗೇ ಎಂದು ಟಿವಿಯಲ್ಲಿ ಕೂಗಾಡುವವರ ಉತ್ಸಾಹ. 2009ರ ಜುಲೈಯಲ್ಲಿ ಕ್ಯಾತಮಾರನಹಳ್ಳಿಯ ಹಿಂಸೆಯಲ್ಲಿ ಜೀವಗಳನ್ನೇ ಕಳಕೊಂಡ ನಗರವಿದು. ಪ್ರಚೋದನೆಗೆ ಬಲಿಯಾದರೆ ಏನಾಗುತ್ತದೆಂದು ನಮಗೆ ಯಾರೂ ಹೊಸದಾಗಿ ಕಲಿಸಬೇಕಿಲ್ಲ.

ಒಂದು ಪೋಸ್ಟಿಗಾಗಿ ರಾತ್ರೋರಾತ್ರಿ ಸೇರಬಲ್ಲ ಜನ, ತಮ್ಮ ಮತದಾನದ ಹಕ್ಕನ್ನೇ ವರ್ಷಗಟ್ಟಲೆ ತಡೆಹಿಡಿದಾಗ ಏಕೆ ಶಾಂತಿಯುತವಾಗಿ ಸೇರಲಿಲ್ಲ? ಸಯ್ಯಾಜಿರಾವ್ ರಸ್ತೆಯ ಪಾಲಿಕೆ ಕಚೇರಿಯ ಮುಂದೆ ಒಂದು ದಿನ, ಕೇವಲ ಒಂದು ದಿನ, ಮನವಿಪತ್ರ ಹಿಡಿದು ನಿಲ್ಲುವುದು ನಮಗೆ ಏಕೆ ತೋಚಲಿಲ್ಲ?

ಕಾರಣವಿಷ್ಟೇ. ನಮಗೆ ರಾಜಕೀಯವೆಂದರೆ ಭಯ ಮತ್ತು ಭಾವನೆ ಎಂದು ಕಲಿಸಲಾಗಿದೆ. ಚುನಾವಣೆ ಬಂದಾಗ "ನಮಗೆ ಹಾಕದಿದ್ದರೆ ಅವರು ಬರುತ್ತಾರೆ" ಎನ್ನುತ್ತಾರೆ. ಹಾಕುತ್ತೇವೆ. ಚರಂಡಿಯ ಬಗ್ಗೆ ಕೇಳಿದರೆ "ಇಂಥ ಸಮಯದಲ್ಲಿ ಇಂಥ ಸಣ್ಣ ವಿಷಯವೇ?" ಎನ್ನುತ್ತಾರೆ. ಸುಮ್ಮನಾಗುತ್ತೇವೆ. ನರಸಿಂಹರಾಜ ಕ್ಷೇತ್ರವನ್ನು ಅಜೀಜ್ ಸೇಠ್ ಮತ್ತು ಅವರ ಬಳಿಕ ಪುತ್ರ ತನ್ವೀರ್ ಸೇಠ್ ದಶಕಗಳ ಕಾಲ ಪ್ರತಿನಿಧಿಸಿದ್ದಾರೆ. ಶಾಸಕ ನಮ್ಮವನು, ಮೇಯರ್ ನಮ್ಮವಳು ಎಂಬ ಸಮಾಧಾನವನ್ನೇ ನಾವು ಅಭಿವೃದ್ಧಿ ಎಂದುಕೊಂಡೆವು. ಪ್ರತಿನಿಧಿಯ ಹೆಸರು ಮುಸ್ಲಿಮ್ ಆಗಿದ್ದ ಮಾತ್ರಕ್ಕೆ ಮೋರಿಯಲ್ಲಿ ನೀರು ತಾನಾಗಿ ಹರಿಯುವುದಿಲ್ಲ.

ಇನ್ನು ನಮ್ಮ ಕಸದ ಬುಟ್ಟಿಯನ್ನೂ ಸ್ವಲ್ಪ ನೋಡಿಕೊಳ್ಳೋಣ. ಗಾಡಿ ಬಂದಾಗ ಕೊಡದೆ ರಾತ್ರಿ ಮೂಲೆಯಲ್ಲಿ ಎಸೆಯುವವರು ಯಾರು? ಬಕ್ರೀದಿನ ಬಳಿಕ ತ್ಯಾಜ್ಯವನ್ನು ಚರಂಡಿಗೆ ಸುರಿಯುವವರು ಯಾರು? ಜುಮಾದ ದಿನ ಅಂಬುಲೆನ್ಸಿಗೂ ದಾರಿ ಬಿಡದಂತೆ ಬೈಕು ನಿಲ್ಲಿಸಿ ಒಳಗೆ ಹೋಗಿ ಸಫ್ ನೇರಗೊಳಿಸುವವರು ಯಾರು? ದಾರಿಯಲ್ಲಿರುವ ತೊಂದರೆದಾಯಕ ವಸ್ತುವನ್ನು ತೆಗೆಯುವುದನ್ನು ಪ್ರವಾದಿಯವರು(ಸ) ವಿಶ್ವಾಸದ ಒಂದು ಶಾಖೆಯಾಗಿ ಎಣಿಸಿದ್ದಾರೆ. ನಾವು ಆ ಶಾಖೆಯನ್ನು ಕಡಿದು ದಾರಿಗೇ ಅಡ್ಡ ಹಾಕಿದ್ದೇವೆ.

ಪರಿಹಾರ ಆಕಾಶದಿಂದ ಇಳಿಯಬೇಕಿಲ್ಲ. ಇದೇ ನಗರದಲ್ಲಿ ಮೈಸೂರು ಗ್ರಾಹಕರ ಪರಿಷತ್ತು ಬರಿಯ ಪತ್ರ, ಅಂಕಿಅಂಶ ಮತ್ತು ತಾಳ್ಮೆಯ ಬಲದಿಂದ ದಶಕಗಳ ಕಾಲ ಆಡಳಿತವನ್ನು ಪ್ರಶ್ನಿಸಿದೆ. ಕುಂಬಾರಕೊಪ್ಪಲಿನಲ್ಲಿ ನಾಗರಿಕರ ಸಂಘಟನೆಯೊಂದು ಕಸ ವಿಂಗಡಿಸುವ ಘಟಕವನ್ನೇ ನಡೆಸಿ ತೋರಿಸಿದೆ. ಮಂಗಳೂರಿನಲ್ಲಿ ನಾಗರಿಕರು ನ್ಯಾಯಾಲಯದ ಬಾಗಿಲು ತಟ್ಟಿದ ಮೇಲೆ ವಾರ್ಡ್ ಸಮಿತಿಗಳು ರಚನೆಯಾದವು. ಅವರಿಗಿದ್ದ ಕಾನೂನೇ ನಮಗೂ ಇದೆ. ಮೂರು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಬೇಕೆಂದು ಸಂವಿಧಾನವೇ ಹೇಳುತ್ತದೆ. 2011ರ ಜನಗಣತಿಯಲ್ಲೇ ಸುಮಾರು ಒಂಬತ್ತು ಲಕ್ಷ ಜನರಿದ್ದ ಮೈಸೂರಿನಲ್ಲಿ ಈ ಸಮಿತಿಗಾಗಿ ಹೋರಾಡಿದ ಒಂದು ಮೊಹಲ್ಲಾ ಜಮಾಅತ್ ಇದೆಯೇ? ಕರ್ನಾಟಕದ ಕಾನೂನಿನ ಪ್ರಕಾರ ಸಮಿತಿಯ ಹತ್ತು ಸದಸ್ಯರಲ್ಲಿ ಮೂವರಾದರೂ ಮಹಿಳೆಯರಿರಬೇಕು. ನೀರಿಗಾಗಿ ಕೊಡ ಹಿಡಿದು ಕಾಯುವ, ಕೊಳಚೆಯಿಂದ ಬಂದ ಜ್ವರಕ್ಕೆ ಮಕ್ಕಳ ಹಣೆಗೆ ಒದ್ದೆಬಟ್ಟೆ ಹಾಕುವ ನಮ್ಮ ಸಹೋದರಿಯರಿಗಿಂತ ಅರ್ಹರು ಆ ಸ್ಥಾನಕ್ಕೆ ಬೇರೆ ಯಾರಿದ್ದಾರೆ?

ಪ್ರತಿ ಮಸೀದಿ ಸಮಿತಿಯೂ ಒಂದು ನೋಟುಪುಸ್ತಕ ಇಟ್ಟುಕೊಳ್ಳಲಿ. ಬೀದಿಯ ದೂರುಗಳು, ಕೊಟ್ಟ ದಿನಾಂಕ, ಸ್ವೀಕೃತಿಯ ಸಂಖ್ಯೆ, ಬಂದ ಉತ್ತರ, ಇಷ್ಟು ಬರೆದಿಟ್ಟರೆ ಸಾಕು. ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಿದೆ, ಸಕಾಲವಿದೆ. ಕಾನೂನು ಓದಿದ ಯುವಕರು ನಮ್ಮಲ್ಲಿದ್ದಾರೆ, ಅವರಿಗೆ ಈ ಕೆಲಸ ಒಪ್ಪಿಸಲಿ. ಆಸ್ತಿ ತೆರಿಗೆಯನ್ನು ಎಲ್ಲರೂ ಸಕಾಲಕ್ಕೆ ಕಟ್ಟಲಿ. ರಸೀದಿ ಕೈಯಲ್ಲಿದ್ದವನ ಧ್ವನಿಗೆ ಕಚೇರಿಯಲ್ಲಿ ಬೇರೆಯೇ ಗಟ್ಟಿತನವಿರುತ್ತದೆ. ಈ ಹೋರಾಟದಲ್ಲಿ ಪಕ್ಕದ ಬಡಾವಣೆಯ ಹಿಂದೂ, ಕ್ರೈಸ್ತ, ದಲಿತ ಸಹೋದರರನ್ನೂ ಜೊತೆಗೂಡಿಸಿಕೊಳ್ಳೋಣ. ಮ್ಯಾನ್‌ಹೋಲ್ ಉಕ್ಕುವಾಗ ಮನೆಯವರ ಧರ್ಮ ಕೇಳುವುದಿಲ್ಲ.

ಮುಂದೆ ಪಾಲಿಕೆಯ ಮತ ಕೇಳಿಕೊಂಡು ಯಾರೇ ಬಂದರೂ, ನಮ್ಮವರೇ ಬಂದರೂ, ಅವರ ಕೈಗೆ ಹೂಮಾಲೆಯ ಬದಲು ಆ ನೋಟುಪುಸ್ತಕವನ್ನು ಕೊಡೋಣ. "ನಮ್ಮ ಹಕ್ಕನ್ನು ತಡೆಹಿಡಿದಾಗ ನೀವು ಎಲ್ಲಿದ್ದಿರಿ?" ಎಂದು ಕೇಳೋಣ. ಆ ಪ್ರಶ್ನೆ ಕೇಳುವ ಮೊದಲು ಅದೇ ಪ್ರಶ್ನೆಯನ್ನು ಚಹಾದಂಗಡಿಯಲ್ಲಿ ನಮ್ಮನ್ನು ನಾವೇ ಕೇಳಿಕೊಳ್ಳುವ ಪ್ರಾಮಾಣಿಕತೆಯೂ ನಮಗಿರಲಿ.