ಸೀಸೆಗೆ ಇಳಿದ ಪರಿಮಳ

ಮುಂಗಾರಿನ ಮೊದಲ ಮಳೆ ಬಿದ್ದ ಮರುದಿನ ನಾಗಾವಿಯ ಗುಡ್ಡದ ಬುಡದಲ್ಲಿ ನಿಂತರೆ ಗಾಳಿಗೇ ಒಂದು ರುಚಿ ಬಂದಂತಿರುತ್ತದೆ. ಒದ್ದೆ ಮಣ್ಣಿನ ವಾಸನೆ, ಲಕ್ಕಿ ಎಲೆಯ ಕಹಿ ಘಾಟು, ಬಂದರಿಕೆಯ ಅಂಟು ಚಿಗುರಿನ ವಾಸನೆ, ಇವೆಲ್ಲದರ ನಡುವೆ ಕಾಲಡಿ ಸಿಕ್ಕಾಗ ಮಾತ್ರ ಏಳುವ ಹುಲ್ಲಿನ ನಿಂಬೆಯಂಥ ಪರಿಮಳ. ದನ ಕಾಯುವ ಹುಡುಗನಿಗೆ ಈ ಹುಲ್ಲಿನ ಶಾಸ್ತ್ರೀಯ ಹೆಸರು ಗೊತ್ತಿರಲಿಕ್ಕಿಲ್ಲ. ಆದರೆ ಕಣ್ಣು ಕಟ್ಟಿ ಕರೆದೊಯ್ದರೂ ಗುಡ್ಡದ ಯಾವ ಮಗ್ಗುಲಿಗೆ ಬಂದೆನೆಂಬುದನ್ನು ಅವನು ಮೂಗಿನಿಂದಲೇ ಹೇಳಿಯಾನು.

ಅದೇ ಬಗೆಯ ಪರಿಮಳವೀಗ 10 ಮಿಲಿಲೀಟರಿನ ಕಂದು ಸೀಸೆಗಳಲ್ಲಿ ಪೇಟೆಗೂ ಹಳ್ಳಿಗೂ ಬರುತ್ತಿದೆ. ಲ್ಯಾವೆಂಡರ್, ಟೀ ಟ್ರೀ, ಮಜ್ಜಿಗೆ ಹುಲ್ಲು, ನೀಲಗಿರಿ ಎಂದು ಹೆಸರುಗಳು. ನಿದ್ರೆಗೆ ಒಂದು, ತಲೆನೋವಿಗೆ ಒಂದು, ಪರೀಕ್ಷೆಗೆ ಓದುವ ಮಕ್ಕಳ ನೆನಪಿಗೆ ಮತ್ತೊಂದು. ಇದಕ್ಕೆ ಅರೋಮಾಥೆರಪಿ ಎಂಬ ಹೆಸರಿದೆ. ಕನ್ನಡದಲ್ಲಿ ಸುಗಂಧ ಚಿಕಿತ್ಸೆ ಎನ್ನುತ್ತಾರೆ. ಸಾವಿರಾರು ವರ್ಷಗಳ ವಿದ್ಯೆಯೆಂದು ಇದನ್ನು ಮಾರುವವರು ಹೇಳುವುದುಂಟು. ಪರಿಮಳದ ಬಳಕೆ ಹಳೆಯದೇ ಹೌದು. ಆದರೆ ಈ ಹೆಸರು ಹಳೆಯದಲ್ಲ. ರೆನೆ ಮಾರಿಸ್ ಗಾಟ್‌ಫೋಸೆ ಎಂಬ ಫ್ರೆಂಚ್ ರಸಾಯನಶಾಸ್ತ್ರಜ್ಞ 1937ರಲ್ಲಿ ಪ್ರಕಟಿಸಿದ ಪುಸ್ತಕದಿಂದ ಅದು ಪ್ರಚಾರಕ್ಕೆ ಬಂದಿತು.

ಔಷಧಿ ಸಸ್ಯಗಳಿಗೆ ಹೆಸರಾದ ಕಪ್ಪತಗುಡ್ಡವನ್ನು ಬೆನ್ನಿಗಿಟ್ಟುಕೊಂಡ ಸೀಮೆಯಲ್ಲಿ ಈ ಸೀಸೆಗಳನ್ನು ಕಂಡಾಗ ಎರಡು ಪ್ರಶ್ನೆಗಳು ಹುಟ್ಟುವುದು ಸಹಜ. ಇದನ್ನು ಮನೆಯಲ್ಲಿ ದಿನನಿತ್ಯ ಬಳಸಬಹುದೇ? ಗುಡ್ಡದ ತುಂಬ ಪರಿಮಳದ ಹುಲ್ಲಿರುವಾಗ ಇಲ್ಲಿಯೇ ಏಕೆ ಎಣ್ಣೆ ತೆಗೆಯಬಾರದು? ಎರಡಕ್ಕೂ ಉತ್ತರ ಸೀಸೆಯೊಳಗಿರುವುದು ಏನೆಂಬುದನ್ನು ಅರಿಯುವುದರಲ್ಲಿದೆ.

ಎಳ್ಳೆಣ್ಣೆ, ಕುಸುಬೆ ಎಣ್ಣೆಗಳಂತೆ ಇದು ಗಾಣದ ಎಣ್ಣೆಯಲ್ಲ. ಎಲೆ, ಹೂವು, ಬೇರು, ಕೊರಡುಗಳಲ್ಲಿ ಅಡಗಿದ್ದು ಗಾಳಿಗೆ ಹಾರಿಹೋಗುವ ದ್ರವವಿದು. ಹಂಡೆಯಲ್ಲಿ ಹುಲ್ಲು ತುಂಬಿ ಅದರ ಮೂಲಕ ಹಬೆ ಹಾಯಿಸಿದರೆ ಹಬೆಯೊಡನೆ ಎಣ್ಣೆಯೂ ಏಳುತ್ತದೆ. ಆ ಹಬೆಯನ್ನು ತಣ್ಣೀರಿನಲ್ಲಿ ಮುಳುಗಿಸಿದ ಕೊಳವೆಯಲ್ಲಿ ಹರಿಸಿ ತಂಪಾಗಿಸಿದಾಗ ನೀರು ಕೆಳಗೆ, ಎಣ್ಣೆ ಮೇಲೆ ನಿಲ್ಲುತ್ತದೆ. 100 ಕಿಲೋ ಹಸಿ ಮಜ್ಜಿಗೆ ಹುಲ್ಲಿನಿಂದ ಬರುವುದು ಸುಮಾರು ಅರ್ಧ ಕಿಲೋ ಎಣ್ಣೆ. ದವನದಲ್ಲಿ ಇನ್ನೂ ಕಡಿಮೆ. ಗುಲಾಬಿಯ ಲೆಕ್ಕ ಕೇಳಿದರೆ ತಲೆ ತಿರುಗುತ್ತದೆ: 1 ಕಿಲೋ ಎಣ್ಣೆಗೆ ಮೂರರಿಂದ ನಾಲ್ಕು ಸಾವಿರ ಕಿಲೋ ಹೂವು. ತುಂಗಭದ್ರೆಯ ಆಚೆ ದಂಡೆಯ ಹಡಗಲಿ ಮಲ್ಲಿಗೆಯಂಥ ಹೂವಾದರೆ ಹಬೆಯ ಬಿಸಿಯನ್ನೇ ತಾಳದು. ಅದರ ಕಂಪನ್ನು ರಾಸಾಯನಿಕ ದ್ರಾವಕಗಳಿಂದ ಹಿಡಿಯಬೇಕಾಗುತ್ತದೆ.

ಹೀಗೆ ಹೊರೆ ಹೊರೆ ಸೊಪ್ಪು ಹನಿಗಳಾಗಿ ಇಳಿದಾಗ ಅದು ಮೊದಲಿನ ಸೊಪ್ಪಾಗಿ ಉಳಿದಿರುವುದಿಲ್ಲ. ಗಿಡ ಪರಿಮಳವನ್ನು ತಯಾರಿಸುವುದು ಮನುಷ್ಯನನ್ನು ಸಂತೋಷಪಡಿಸಲಿಕ್ಕಲ್ಲ. ಹುಳುವನ್ನು ಓಡಿಸಲು, ಬೂಷ್ಟನ್ನು ತಡೆಯಲು, ಮೇಯುವ ಬಾಯಿಯನ್ನು ದೂರವಿಡಲು ಅದು ಕಟ್ಟಿಕೊಂಡ ರಕ್ಷಣೆಯದು. ಬಲಿತ ಪರಿಮಳದ ಹುಲ್ಲಿಗೆ ದನ ಬಾಯಿ ಹಾಕದಿರುವುದನ್ನು ದನಗಾಹಿಗಳೆಲ್ಲ ಬಲ್ಲರು. ಎಲೆಯಲ್ಲಿ ಎಳ್ಳಷ್ಟಿದ್ದ ಆ ಖಾರವೇ ಸೀಸೆಯಲ್ಲಿ ನೂರು ಪಾಲು ಗಟ್ಟಿಯಾಗಿ ಕುಳಿತಿರುತ್ತದೆ.

ಪರಿಮಳದಿಂದ ಮನಸ್ಸಿಗೆ ಹಿತವಾಗುತ್ತದೆಂಬುದು ಸುಳ್ಳಲ್ಲ. ಮೂಗಿನ ನರಗಳು ಮಿದುಳಿನಲ್ಲಿ ಭಾವನೆ ಮತ್ತು ನೆನಪುಗಳಿಗೆ ಸಂಬಂಧಿಸಿದ ಭಾಗಗಳಿಗೆ ಬಹು ಹತ್ತಿರದ ದಾರಿಯಲ್ಲಿ ಸೇರುತ್ತವೆ. ದವನದ ಒಂದು ಎಸಳು ಹತ್ತಾರು ವರ್ಷಗಳ ಹಿಂದಿನ ದವನದ ಹುಣ್ಣಿಮೆಯನ್ನು ಕಣ್ಣ ಮುಂದೆ ತರುವುದು ಇದರಿಂದಲೇ. ಆತಂಕ, ಓಕರಿಕೆ, ನಿದ್ರೆಯ ತೊಂದರೆಗಳಲ್ಲಿ ಅಲ್ಪಕಾಲದ ಉಪಶಮನ ಕಂಡ ಅಧ್ಯಯನಗಳಿವೆ. ಅವುಗಳಲ್ಲಿ ಬಹಳಷ್ಟು ಸಣ್ಣವು. ಪರಿಮಳ ಯಾವುದೆಂಬುದು ರೋಗಿಗೆ ಗೊತ್ತಾಗಿಯೇ ಆಗುವುದರಿಂದ ಗುಣ ಎಣ್ಣೆಯದೋ ನಂಬಿಕೆಯದೋ ಎಂದು ಬೇರ್ಪಡಿಸುವುದೂ ಕಷ್ಟ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕ್ಯಾನ್ಸರುಗಳನ್ನು ಈ ಹನಿಗಳು ಗುಣಪಡಿಸುತ್ತವೆಂಬ ಮಾತಿಗೆ ಆಧಾರವಿಲ್ಲ. ಅಂಥ ಮಾತು ಕೇಳಿ ಮಾತ್ರೆ ಬಿಟ್ಟವರಿಗೆ ಆಗುವ ಹಾನಿ ಸೀಸೆಯ ಬೆಲೆಗಿಂತ ಬಹು ದೊಡ್ಡದು.

ಹೆಚ್ಚಿನ ಕಾಳಜಿ ಬೇಕಾಗಿರುವುದು ಮಕ್ಕಳಿರುವ ಮನೆಗಳಲ್ಲಿ. ನೀಲಗಿರಿ ಎಣ್ಣೆ ಪ್ರತಿ ಹಳ್ಳಿಯ ಮಾಡಿನಲ್ಲೂ ಇರುವಂಥದು. ನೆಗಡಿಯಾದ ಮಗುವಿನ ಮೂಗಿಗೆ ಹಚ್ಚುವವರೂ, ಸಕ್ಕರೆಯ ಮೇಲೆ ಹನಿಸಿ ನೆಕ್ಕಿಸುವವರೂ ಇದ್ದಾರೆ. ಒಂದು ಚಹಾ ಚಮಚದಷ್ಟು, ಅಂದರೆ 5 ಮಿಲಿಲೀಟರ್ ಒಳಗೆ ಹೋದರೆ ಎಳೆಯ ಮಗುವಿಗೆ ಫಿಟ್ಸ್ ಬಂದು ಪ್ರಜ್ಞೆ ತಪ್ಪಬಹುದು. ಕರ್ಪೂರ ಇದಕ್ಕಿಂತಲೂ ಉಗ್ರವಾದುದು: ಒಂದು ಗ್ರಾಮಿನಷ್ಟು ಕರ್ಪೂರವೇ ಎಳೆಯ ಮಕ್ಕಳ ಪ್ರಾಣಕ್ಕೆ ಎರವಾದ ನಿದರ್ಶನಗಳು ವೈದ್ಯಕೀಯ ದಾಖಲೆಗಳಲ್ಲಿವೆ. ನೋವಿನ ಮುಲಾಮುಗಳಲ್ಲಿರುವ ವಿಂಟರ್‌ಗ್ರೀನ್ ಎಣ್ಣೆಯ ಒಂದು ಚಮಚ ಸುಮಾರು 20 ಆಸ್ಪಿರಿನ್ ಮಾತ್ರೆಗಳಿಗೆ ಸಮ. ಮಗು ಇಂಥದನ್ನು ಕುಡಿದರೆ ವಾಂತಿ ಮಾಡಿಸಲು ಹೋಗಬಾರದು. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಅಪಾಯ ಇಮ್ಮಡಿಯಾಗುತ್ತದೆ. ಸೀಸೆಯನ್ನೂ ಜೊತೆಗೆ ಹಿಡಿದು ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು. ಅಪಸ್ಮಾರ ಇದ್ದವರು ನೀಲಗಿರಿ, ಕರ್ಪೂರಗಳಿಂದ ದೂರವಿರುವುದು ಲೇಸು. ದಮ್ಮು ಇರುವ ಮನೆಯಲ್ಲಿ ಯಾವುದೇ ಗಾಢ ವಾಸನೆಯೂ ಉಬ್ಬಸವನ್ನು ಕೆರಳಿಸಬಹುದು.

ದೊಡ್ಡವರು ಮೈಗೆ ಹಚ್ಚಿಕೊಳ್ಳುವುದಾದರೆ 30 ಮಿಲಿಲೀಟರ್ ಕೊಬ್ಬರಿ ಎಣ್ಣೆಗೆ 10–12 ಹನಿ ಸಾಕು. ನೇರವಾಗಿ ಹಚ್ಚಿದರೆ ಚರ್ಮ ಉರಿದು ಮುಂದೆ ಕಾಯಂ ಅಲರ್ಜಿಯಾಗಿ ನಿಲ್ಲಬಹುದು. ನಿಂಬೆ ಸಿಪ್ಪೆ ಹಿಂಡಿ ತೆಗೆದ ಎಣ್ಣೆ ಹಚ್ಚಿಕೊಂಡು ಹೊಲದ ಬಿಸಿಲಿಗೆ ಇಳಿದವರ ಚರ್ಮ ಸುಟ್ಟಂತಾಗುವುದೂ ಉಂಟು.

ಸೀಸೆಯ ಮೇಲಿನ ಚೀಟಿಯನ್ನು ನಂಬುವುದಕ್ಕೂ ಒಂದು ಮಿತಿಯಿದೆ. 2021ರಲ್ಲಿ ಅಮೆರಿಕದ ನಾಲ್ಕು ಬೇರೆ ಬೇರೆ ರಾಜ್ಯಗಳಲ್ಲಿ ನಾಲ್ವರು ಮೆಲಿಯಾಯ್ಡೋಸಿಸ್ ಎಂಬ ಅಪರೂಪದ ಸೋಂಕಿಗೆ ತುತ್ತಾದರು. ಅವರಲ್ಲಿ ಇಬ್ಬರು ತೀರಿಕೊಂಡರು. ಒಬ್ಬ ರೋಗಿಯೂ ವಿದೇಶಕ್ಕೆ ಹೋದವನಲ್ಲ. ತಿಂಗಳುಗಟ್ಟಲೆ ಹುಡುಕಿದ ಮೇಲೆ ರೋಗಾಣು ಸಿಕ್ಕಿದ್ದು ಕೋಣೆಗೆ ಸಿಂಪಡಿಸುವ ಅರೋಮಾಥೆರಪಿ ಸೀಸೆಯೊಂದರಲ್ಲಿ. ಅದು ತಯಾರಾದದ್ದು ಭಾರತದಲ್ಲಿ. ಸುಮಾರು 3,900 ಸೀಸೆಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಲಾಯಿತು. ‘ನೈಸರ್ಗಿಕ’ ಎಂಬ ಪದ ಶುದ್ಧತೆಯ ಪ್ರಮಾಣಪತ್ರವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹಾಗೆಂದು ಹಳೆಯ ರೂಢಿಗಳೆಲ್ಲ ನಿರಪಾಯವೆಂದೂ ಅಲ್ಲ. ಅಜವಾನವನ್ನು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಮೂಸುವುದು, ಲಕ್ಕಿ ಸೊಪ್ಪು ಕುದಿಸಿದ ನೀರಲ್ಲಿ ಮೈ ತೊಳೆಯುವುದು, ಪೆಟ್ಟಿಗೆಯ ಬಟ್ಟೆಗಳ ನಡುವೆ ಲಾವಂಚದ ಬೇರು ಇಡುವುದು, ಮಜ್ಜಿಗೆ ಹುಲ್ಲಿನ ಎರಡು ಎಲೆಗಳನ್ನು ಚಹಾಕ್ಕೆ ಹಾಕುವುದು ಒಳ್ಳೆಯ ರೂಢಿಗಳೇ. ಗಿಡವೇ ಇಲ್ಲಿ ಅಳತೆಗೋಲು. ಮಿತಿ ಮೀರುವುದು ಕಷ್ಟ. ಆದರೆ ಬಾಣಂತಿಯ ಕೋಣೆಯ ಬಾಗಿಲು ಮುಚ್ಚಿ ಅಗ್ಗಿಷ್ಟಿಕೆಯ ಕೆಂಡದ ಮೇಲೆ ಲೋಬಾನ ಸುರಿದು ಕೂಸಿಗೆ ಹೊಗೆ ಹಿಡಿಯುವ ರೂಢಿಯನ್ನು ಇನ್ನು ಕೈಬಿಡಬೇಕು. ಎಳೆಯ ಶ್ವಾಸಕೋಶಕ್ಕೆ ಹೊಗೆ ಹೊಗೆಯೇ. ಪರಿಮಳ ಬೆರೆತ ಮಾತ್ರಕ್ಕೆ ಅದು ಔಷಧವಾಗುವುದಿಲ್ಲ.

ಇನ್ನು ಗುಡ್ಡದ ಮಾತು. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಹಬ್ಬಿದ ಕಪ್ಪತಗುಡ್ಡ ಸುಲಭವಾಗಿ ಉಳಿದುಕೊಂಡದ್ದಲ್ಲ. 2015ರ ಡಿಸೆಂಬರಿನಲ್ಲಿ ಸಂರಕ್ಷಿತ ಮೀಸಲು ಪ್ರದೇಶವೆಂದು ಘೋಷಣೆಯಾಯಿತು. 2016ರ ನವೆಂಬರಿನಲ್ಲಿ ಸರಕಾರವೇ ಅದನ್ನು ಹಿಂತೆಗೆದುಕೊಂಡಿತು. ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತು ನಡೆಸಿದ ಹೋರಾಟದಿಂದ 2017ರ ಏಪ್ರಿಲಿನಲ್ಲಿ ಆ ಸ್ಥಾನ ಮರಳಿ ಬಂದಿತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿ ಧಾಮವಾಯಿತು. ಗಣಿಯ ಬಾಯಿಂದ ಹೀಗೆ ತಪ್ಪಿಸಿಕೊಂಡ ಗುಡ್ಡವನ್ನು ಸೀಸೆಯ ಬಾಯಿಗೆ ಕೊಡುವುದು ವಿವೇಕವಾಗಲಾರದು. ಒಂದು ಹಂಡೆಯನ್ನು ನಿತ್ಯ ತುಂಬಿಸಲು ಕ್ವಿಂಟಲುಗಟ್ಟಲೆ ಹುಲ್ಲು ಬೇಕು, ಹಬೆ ಎಬ್ಬಿಸಲು ಸೌದೆ ಬೇಕು. ಬೇರಿನ ಎಣ್ಣೆಯಾದರೆ ಗಿಡವನ್ನೇ ಕೀಳಬೇಕು. ಕಾನೂನಿನ ಮಾತೂ ಸ್ಪಷ್ಟವಾಗಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 29ನೆಯ ಕಲಮಿನ ಪ್ರಕಾರ ಧಾಮದ ನಿರ್ವಹಣೆಗಾಗಿ ತೆಗೆದ ಉತ್ಪನ್ನವನ್ನು ಸುತ್ತಲಿನ ಜನರ ಸ್ವಂತ ಅಗತ್ಯಕ್ಕೆ ಕೊಡಬಹುದೇ ಹೊರತು ವ್ಯಾಪಾರಕ್ಕಲ್ಲ.

ಬೇಸಿಗೆಯ ಬೆಂಕಿಯನ್ನೂ ಇಲ್ಲಿ ನೆನೆಯಬೇಕು. ಒಣಗಿ ನಿಂತ ಹುಲ್ಲಿಗೆ ಕಿಡಿ ತಾಗಿದರೆ ಗಾಳಿ ಬೀಸುವ ಈ ಗುಡ್ಡದಲ್ಲಿ ರಾತ್ರಿಯಿಡೀ ಉರಿಯುತ್ತದೆ. ಮಳೆಗೆ ಹೊಸ ಚಿಗುರು ಬರಲೆಂದು ತಾವೇ ಬೆಂಕಿ ಇಡುವವರ ಮಾತು ಊರೂರಲ್ಲಿ ಕೇಳಿಬರುತ್ತದೆ. ‘ಹೇಗೂ ಸುಡುವ ಹುಲ್ಲು, ಕೊಯ್ದರೆ ತಪ್ಪೇನು’ ಎಂಬ ವಾದ ಹುಟ್ಟುವುದು ಇದರಿಂದಲೇ. ವಾದ ನೋಡಲು ಚೆಂದ. ಆದರೆ ಎಣ್ಣೆ ಬರುವುದು ಹಸಿರು ಹುಲ್ಲಿನಿಂದ. ಸುಡುವುದು ಎಣ್ಣೆ ಬಹುಪಾಲು ಹಾರಿಹೋದ ಒಣಹುಲ್ಲು. ಹೂ ಬಿಡುವ ಹೊತ್ತಿಗೆ ಕೊಯ್ದು ಒಯ್ದರೆ ಬೀಜ ಉದುರುವುದು ಎಲ್ಲಿಂದ?

ಪರಿಮಳಕ್ಕೆ ಬೆಲೆ ಬಂದು ಹಕ್ಕು ಬಾರದಿದ್ದರೆ ಏನಾಗುತ್ತದೆಂಬುದನ್ನು ಕನ್ನಡನಾಡು ಶ್ರೀಗಂಧದಲ್ಲಿ ಕಂಡಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಕೊರಡುಗಳು ಯುರೋಪಿಗೆ ಸಾಗದೆ ಉಳಿದಾಗ ಮೈಸೂರು ಸಂಸ್ಥಾನ ತಾನೇ ಎಣ್ಣೆ ತೆಗೆಯಲು ಹೊರಟು 1916–17ರಲ್ಲಿ ಕಾರ್ಖಾನೆ ಕಟ್ಟಿತು. ಮೈಸೂರು ಗಂಧದೆಣ್ಣೆ ಜಗತ್ಪ್ರಸಿದ್ಧವಾಯಿತು. ಆದರೆ ರೈತನ ಹೊಲದಲ್ಲಿ ಬೆಳೆದ ಗಂಧದ ಮರವೂ ಸರಕಾರದ್ದೆಂಬ ನಿಯಮ ದೀರ್ಘಕಾಲ ಇತ್ತು. ಮರ ಕಳುವಾದರೆ ಪೊಲೀಸರ ಪ್ರಶ್ನೆಗೆ ಉತ್ತರಿಸಬೇಕಾದವನು ರೈತ. ಸಹಜವಾಗಿಯೇ ಅವನು ಬದುವಿನಲ್ಲಿ ಮೊಳೆತ ಸಸಿಯನ್ನು ಕಿತ್ತೆಸೆದ. 2001ರ ತಿದ್ದುಪಡಿ ಮರವನ್ನು ಹೊಲದ ಒಡೆಯನಿಗೆ ಕೊಟ್ಟಿತು; ಅಷ್ಟರಲ್ಲಿ ಕಾಡಿನ ಗಂಧ ಬಹುಪಾಲು ಕಳ್ಳರ ಪಾಲಾಗಿತ್ತು.

ಆದ್ದರಿಂದ ಎಣ್ಣೆ ತೆಗೆಯಲೇಬೇಕೆಂದರೆ ಹುಲ್ಲು ಗುಡ್ಡದಿಂದ ಇಳಿಯಬಾರದು, ಹೊಲದಲ್ಲಿ ಏಳಬೇಕು. ನೀರು ನಿಲ್ಲದ ಮಸಾರಿ ನೆಲಕ್ಕೆ ಮಜ್ಜಿಗೆ ಹುಲ್ಲು ಹೊಂದುತ್ತದೆ. ಒಮ್ಮೆ ನೆಟ್ಟರೆ ನಾಲ್ಕೈದು ವರ್ಷ ಕೊಯ್ಲು ಕೊಡುತ್ತದೆ, ದನ–ಹಂದಿಗಳ ಕಾಟವೂ ಕಡಿಮೆ. ಚಳಿಗಾಲದಲ್ಲಿ ನಾಲ್ಕು ತಿಂಗಳಿಗೆ ಕೈಗೆ ಬರುವ ದವನ ಮತ್ತೊಂದು. ಜಗತ್ತಿನ ದವನದ ಎಣ್ಣೆಯ ಬಹುಪಾಲು ದಕ್ಷಿಣ ಭಾರತದ ಹೊಲಗಳಿಂದಲೇ ಹೋಗುತ್ತದೆ. ಆದರೆ ಸೊಪ್ಪನ್ನು ಮಾತ್ರ ಮಾರುವುದಾದರೆ ಬ್ಯಾಡಗಿ ಮೆಣಸಿನಕಾಯಿಯ ಕತೆಯೇ ಇಲ್ಲಿಯೂ ಆದೀತು. ಕಾಯಿ ಈ ಸೀಮೆಯ ಎರೆಹೊಲದ್ದು, ಅದರ ಬಣ್ಣ ಹಿಂಡುವ ಕಾರ್ಖಾನೆಗಳಲ್ಲಿ ದೊಡ್ಡವು ಕೇರಳದಲ್ಲಿ. ದರ ಬಿದ್ದಾಗ ಅಂಗಳದಲ್ಲಿ ಕಾಯಿ ಹರವಿಕೊಂಡು ಕೂರುವವನು ಬೆಳೆಗಾರ.

ನಾಗಾವಿಯಲ್ಲೇ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯವಿದೆ. ಅಲ್ಲಿಯ ವಿದ್ಯಾರ್ಥಿಗಳು ಎರಡು ಗುಂಟೆಯಲ್ಲಿ ಮಜ್ಜಿಗೆ ಹುಲ್ಲು ಬೆಳೆದು, ಒಂದು ಸಣ್ಣ ಬಟ್ಟಿಯನ್ನು ಹೂಡಿ, ಎಷ್ಟು ಹೊರೆಗೆ ಎಷ್ಟು ಹನಿ, ಎಷ್ಟು ಉರುವಲು, ಎಷ್ಟು ಕೂಲಿ ಎಂಬುದನ್ನು ಸುತ್ತಲಿನ ಊರವರ ಕಣ್ಣೆದುರು ಲೆಕ್ಕ ಹಾಕಿ ತೋರಿಸಬಹುದು. ಬಟ್ಟಿಯಿಂದ ಹೊರತೆಗೆದ ಹುಲ್ಲನ್ನು ಒಣಗಿಸಿದರೆ ಮುಂದಿನ ಒಲೆಗೆ ಅದೇ ಉರುವಲಾಗುತ್ತದೆ. ಗುಡ್ಡದ ಸೌದೆಗೆ ಕೈಹಾಕಬೇಕಿಲ್ಲ. ಕಠಿಣವಾದ ಪ್ರಶ್ನೆ ನೀರಿನದು. ಹಬೆಯನ್ನು ತಂಪಾಗಿಸುವ ಕೊಳವೆಗೆ ಧಾರಾಳ ತಣ್ಣೀರು ಬೇಕು. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ಪರದಾಡುವ ಊರುಗಳಲ್ಲಿ ಕೊಳವೆಬಾವಿಯಿಂದ ಇದನ್ನು ಪೂರೈಸುವುದು ಸಲ್ಲದು. ಮಳೆನೀರಿನ ಕೃಷಿಹೊಂಡವೊಂದನ್ನು ಕಟ್ಟಿ ಅದೇ ನೀರನ್ನು ತಿರುತಿರುಗಿ ಬಳಸಬೇಕು; ಹೊಂಡ ಬತ್ತಿದ ದಿನ ಬಟ್ಟಿಯೂ ನಿಲ್ಲಬೇಕು. ಹಾಗೆ ವರ್ಷದಲ್ಲಿ ಎಷ್ಟು ದಿನ ಬಟ್ಟಿ ನಡೆದೀತು, ಅಷ್ಟು ದಿನಗಳ ಎಣ್ಣೆಯಿಂದ ಒಂದು ಮನೆಯ ಖರ್ಚಾದರೂ ಹುಟ್ಟೀತೇ ಎಂಬ ಲೆಕ್ಕವನ್ನು ಮೊದಲು ಮಾಡಬೇಕಾಗಿದೆ.