ಕಾನೂನು ಕನ್ನಡಿ: ಗೆದ್ದವನ ಖರ್ಚು

‘ಗೆದ್ದವನು ಸೋತ, ಸೋತವನು ಸತ್ತ’ ಎಂಬ ಕೋರ್ಟಿನ ಗಾದೆಯನ್ನು ಅರಿಯದವರಾರು? ಮಲಪ್ರಭೆಯ ದಂಡೆಯ ಎಂ.ಕೆ. ಹುಬ್ಬಳ್ಳಿಯ ರೈತನೊಬ್ಬನು ಹೊಲದ ಬದುವಿನ ದಾವೆಯಲ್ಲಿ ಗೆದ್ದನೆನ್ನಿ. ಡಿಕ್ರಿಯಲ್ಲಿ ‘ಖರ್ಚುಸಹಿತ’ ಎಂದಿದ್ದರೂ ವಕೀಲರಿಗೆ ಕೊಟ್ಟ ಹಣವೆಲ್ಲ ಮರಳುವುದಿಲ್ಲ. ಸಾಮಾನ್ಯವಾಗಿ ನಿಯಮಗಳು ಗೊತ್ತುಪಡಿಸಿದ ಫೀಯಷ್ಟೇ ಲೆಕ್ಕಕ್ಕೆ ಬರುತ್ತದೆ. ಹೆಚ್ಚು ಕೊಡಿಸಿರೆಂದು ಬೇಡಬಾರದೆ? ಗೆದ್ದವನಿಗೆ ನ್ಯಾಯವಾದ ನಿಜಖರ್ಚು ದೊರೆಯಬೇಕೆಂದು 2005ರಲ್ಲಿ ಸುಪ್ರೀಂ ಕೋರ್ಟೇ ನುಡಿದಿತ್ತು. ಆದರೆ ದೆಹಲಿ ಹೈಕೋರ್ಟು ಒಂದು ವ್ಯಾಜ್ಯದಲ್ಲಿ ಕೊಡಿಸಿದ್ದ 45 ಲಕ್ಷ ರೂಪಾಯಿಗೂ ಮಿಕ್ಕ ಖರ್ಚನ್ನು 2011ರಲ್ಲಿ ಅದು ಎತ್ತಿಹಿಡಿಯಲಿಲ್ಲ. ನಿಯಮ ತಿದ್ದದೆ ಅದರ ಮಿತಿ ದಾಟಲಾಗದೆಂದಿತು. ಆದುದರಿಂದ ದಾವೆ ಹೂಡುವ ಮುನ್ನವೇ ಲೆಕ್ಕ ಹಾಕಿರಿ. ಬದುವಿನ ಬೆಲೆಗಿಂತ ವ್ಯಾಜ್ಯದ ಬೆಲೆ ಹೆಚ್ಚಾದೀತೆಂದು ತೋರಿದರೆ ರಾಜಿಯೇ ಲೇಸು. ಹೂಡಿದ ಮೇಲೂ ಲೋಕ ಅದಾಲತ್ತಿನ ಬಾಗಿಲು ತೆರೆದಿದೆ. ಅಲ್ಲಿ ಒಪ್ಪಂದವಾದರೆ ತುಂಬಿದ ಕೋರ್ಟು ಫೀಯಾದರೂ ಮರಳುತ್ತದೆ.